ಹಳೆಯ ಹೈದರಾಬಾದಿನ ಗುರುತುಗಳೂ ಹೊಸ ಯಂತ್ರಗಳೂ

ಹೈದರಾಬಾದು ನಗರಕ್ಕೆ ಅಡಿಗಲ್ಲು ಬಿದ್ದುದು 1591ರಲ್ಲಿ. ಗೋಲ್ಕೊಂಡೆಯ ಸುಲ್ತಾನ ಮಹಮ್ಮದ್ ಕುಲಿ ಕುತುಬ್ ಶಹನು ನಡುವೆ ಚಾರ್‌ಮಿನಾರನ್ನು ನಿಲ್ಲಿಸಿ ನಾಲ್ಕು ದಿಕ್ಕಿಗೆ ನಾಲ್ಕು ಬೀದಿಗಳನ್ನು ಬಿಡಿಸಿದನು. ಆ ಬೀದಿಗಳು ಇಂದಿಗೂ ಇವೆ. ಅವುಗಳ ಇಕ್ಕೆಲದಲ್ಲಿ ಇದ್ದುದೆಲ್ಲ ಇದೆಯೇ ಎಂದು ಕೇಳಿದರೆ ಮಾತ್ರ ಉತ್ತರ ಹೇಳುವುದು ಕಷ್ಟ. ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಿಂದ ಚಾಂದ್ರಾಯಣಗುಟ್ಟದ ಕಡೆಗೆ ಮೆಟ್ರೋ ರೈಲಿನ ದಾರಿಗಾಗಿ ರಸ್ತೆ ಅಗಲ ಮಾಡುವ ಕೆಲಸ 2025ರ ಜನವರಿಯಲ್ಲಿ ಮೊದಲಾಯಿತು. ಹಳೆಯ ಪಟ್ಟಣದ ಆ ಸಾಲಿನ ಅಂಗಡಿ ಮನೆಗಳನ್ನು ಕೆಡಹತೊಡಗಿದರು. ರೈಲು ಬೇಡವೆನ್ನುವವರು ನಾವಲ್ಲ. ದಿನವೂ ಎರಡು ಬಸ್ಸು ಬದಲಾಯಿಸಿ ಕಾರ್ಖಾನೆಗೋ ಕಚೇರಿಗೋ ಹೋಗುವವನಿಗೆ ರೈಲಿನ ಬೆಲೆ ಚೆನ್ನಾಗಿ ಗೊತ್ತು. ಆದರೆ ಒಂದು ಕಮಾನು, ಒಂದು ಕೆತ್ತನೆಯ ಬಾಗಿಲು, ಒಂದು ಗಲ್ಲಿಯ ಹೆಸರು ಹೋದ ಮೇಲೆ ಅಲ್ಲಿ ಏನಿತ್ತೆಂದು ಮಕ್ಕಳಿಗೆ ತೋರಿಸಲು ಏನಾದರೂ ಉಳಿದಿರಬೇಡವೆ?

ಇದಕ್ಕೆ ಈಗ ಎಲ್ಲೆಲ್ಲೂ ಕೇಳಿಬರುವ ಉತ್ತರ ‘ಡಿಜಿಟಲ್ ಮಾಡಿಬಿಡಿ’ ಎಂಬುದು. ಈ ಮಾತಿನ ಅರ್ಥವನ್ನು ಮೊದಲು ತಿಳಿದುಕೊಳ್ಳೋಣ. ಡಿಜಿಟ್ ಎಂದರೆ ಅಂಕಿ. ಒಂದು ಚಿತ್ರವನ್ನು ಯಂತ್ರವು ಲಕ್ಷಾಂತರ ಸಣ್ಣ ಚೌಕಗಳಾಗಿ ಒಡೆದು, ಒಂದೊಂದು ಚೌಕದ ಬಣ್ಣಕ್ಕೂ ಒಂದೊಂದು ಸಂಖ್ಯೆಯನ್ನು ಬರೆದಿಟ್ಟುಕೊಳ್ಳುತ್ತದೆ. ಮತ್ತೆ ಬೇಕೆಂದಾಗ ಆ ಸಂಖ್ಯೆಗಳನ್ನು ಓದಿ ಚಿತ್ರವನ್ನು ಬಿಡಿಸುತ್ತದೆ. ಕಾಗದದ ನಕಲಿನ ನಕಲು ತೆಗೆಯುತ್ತ ಹೋದರೆ ನಾಲ್ಕನೆಯದಕ್ಕೆ ಅಕ್ಷರ ಮಸುಕಾಗುವುದನ್ನು ಕಚೇರಿಯಲ್ಲಿ ದುಡಿಯುವವರೆಲ್ಲ ಕಂಡಿದ್ದೇವೆ. ಸಂಖ್ಯೆಗಳ ನಕಲು ಹಾಗಲ್ಲ. ಸಾವಿರದ ಪ್ರತಿಯೂ ಮೊದಲಿನದರಷ್ಟೇ ಸ್ಪಷ್ಟ. ಇದರ ಹೆಚ್ಚುಗಾರಿಕೆ ಇಷ್ಟೇ. ಇಷ್ಟರಿಂದ ಎಲ್ಲವೂ ಉಳಿದುಬಿಡುವುದೇ ಎಂಬುದನ್ನು ನಮ್ಮ ಈ ನಗರದ ಕೆಲವು ಉದಾಹರಣೆಗಳಿಂದಲೇ ನೋಡಬಹುದು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಬಂದು ನಗರದ ದೊಡ್ಡ ಭಾಗವನ್ನು ಕೊಚ್ಚಿಕೊಂಡು ಹೋಯಿತು. ಸಾವಿರಾರು ಜನ ಸತ್ತರು. ಅಫ್ಜಲ್‌ಗಂಜಿನ ಒಂದು ಹುಣಿಸೆಮರವನ್ನು ಹತ್ತಿ ಕುಳಿತ ನೂರೈವತ್ತು ಮಂದಿ ಬದುಕಿಕೊಂಡರೆಂದು ಹೇಳುವುದುಂಟು. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಮರುವರ್ಷ ನಿಜಾಮ ಸರಕಾರವು ಕರೆಯಿಸಿಕೊಂಡುದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ನದಿಯ ಮೇಲ್ಗಡೆ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯಬೇಕೆಂದು ಅವರು ಹಾಕಿಕೊಟ್ಟ ಯೋಜನೆಯಿಂದಲೇ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಇದು ಎಲ್ಲರಿಗೂ ತಿಳಿದ ಕಥೆ. ಅಷ್ಟಾಗಿ ತಿಳಿಯದಿರುವುದು ಅದೇ ಪ್ರವಾಹದ ನಂತರ ನಡೆದ ಇನ್ನೊಂದು ಕೆಲಸ. 1912ರಿಂದ 1915ರ ವರೆಗೆ ಲಿಯೊನಾರ್ಡ್ ಮನ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಇಡೀ ನಗರದ ಮೋಜಣಿಯಾಯಿತು. ಗಲ್ಲಿ, ಮನೆ, ಬಾವಿ, ಮಸೀದಿ, ಗುಡಿ, ತೋಟ ಎಂದು ಬಿಡದೆ ಹಾಳೆ ಹಾಳೆಯಾಗಿ ನಕ್ಷೆ ಬರೆದರು.

ಆ ನಕ್ಷೆಗಳ ಡಿಜಿಟಲ್ ಪ್ರತಿಗಳನ್ನು ಇಂದು ಸಂಶೋಧಕರು ಬಳಸುವ ರೀತಿ ಸ್ವಾರಸ್ಯವಾಗಿದೆ. ಹಳೆಯ ನಕ್ಷೆಯನ್ನು ಇಂದಿನ ನಕ್ಷೆಯ ಮೇಲೆ ಹೊದಿಸುವುದೇ ಆ ರೀತಿ. ಹೊದಿಸುವುದು ಹೇಗೆ? ನೂರು ವರ್ಷಗಳಿಂದ ಅಲುಗದೆ ನಿಂತಿರುವ ಸ್ಥಳಗಳನ್ನು ಮೊದಲು ಆರಿಸಿಕೊಳ್ಳಬೇಕು. ಚಾರ್‌ಮಿನಾರು, ಮಕ್ಕಾ ಮಸೀದಿ, 1578ರ ಪುರಾನಾ ಪುಲ್, ಕೋಠಿಯ ಹಳೆಯ ರೆಸಿಡೆನ್ಸಿ ಇಂತಹವು. ಹಳೆಯ ಹಾಳೆಯಲ್ಲಿ ಚಾರ್‌ಮಿನಾರಿನ ಮೇಲೆ ಒಂದು ಗುರುತು. ಇಂದಿನ ನಕ್ಷೆಯಲ್ಲಿಯೂ ಅದೇ ಚಾರ್‌ಮಿನಾರಿನ ಮೇಲೆ ಒಂದು ಗುರುತು. ಹೀಗೆ ಹತ್ತಾರು ಕಡೆ ಜೋಡಿಸಿದರೆ, ಹಗ್ಗದ ಮೇಲೆ ಒಣಹಾಕಿದ ಪಂಚೆಯನ್ನು ಮೂಲೆ ಹಿಡಿದು ಎಳೆದಂತೆ, ಗಣಕಯಂತ್ರವು ಹಳೆಯ ನಕ್ಷೆಯನ್ನು ಎಳೆದು ಸರಿಪಡಿಸುತ್ತದೆ. ಕಾಗದವು ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಎರಡು ಮೂರು ಗುರುತು ಸಾಲದು, ಹೆಚ್ಚಿದ್ದಷ್ಟೂ ಒಳ್ಳೆಯದು. ಆಮೇಲೆ ಇಂದಿನ ಒಂದು ಬಹುಮಹಡಿ ಕಟ್ಟಡದ ಮೇಲೆ ಬೆರಳಿಟ್ಟರೆ, ಅದರ ಕೆಳಗೆ 1912ರಲ್ಲಿ ಬಾವಿಯಿತ್ತೋ ತೋಟವಿತ್ತೋ ಎಂಬುದು ಕಾಣುತ್ತದೆ.

ಇದು ಬರಿಯ ಕುತೂಹಲದ ವಿಷಯವಲ್ಲ. ಹಳೆಯ ನಕ್ಷೆ ಸಾಕ್ಷಿಯೂ ಆಗುತ್ತದೆ. ಕೆರೆಯ ಅಂಚು ಎಲ್ಲಿತ್ತು, ನದಿಯ ಪಾತ್ರ ಎಷ್ಟಿತ್ತು ಎಂಬ ವಾದ ಬಂದಾಗ ಅದನ್ನು ತೆಗೆದು ನೋಡುತ್ತಾರೆ. 2024ರಲ್ಲಿ ಮೂಸಿ ತೀರದ ಬಡಾವಣೆಗಳಲ್ಲಿ ಅಧಿಕಾರಿಗಳು ಮನೆಗಳ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಬರೆದಾಗ ಅಲ್ಲಿ ವಾಸವಾಗಿದ್ದ ಕೂಲಿಕಾರರ ಗೋಳು ಪತ್ರಿಕೆಗಳಲ್ಲಿ ಬಂದಿತು. ನವಾಬರ ದೇವಡಿಗೆ ನಕ್ಷೆಯಿರುತ್ತದೆ, ಫೋಟೋ ಇರುತ್ತದೆ, ಇತಿಹಾಸ ಬರೆದವರಿರುತ್ತಾರೆ. ನಲವತ್ತು ವರ್ಷ ಬಾಳಿದ ಒಂದು ಗುಡಿಸಲ ಸಾಲಿಗೆ ಇರುವುದು ವಿದ್ಯುತ್ತಿನ ಬಿಲ್ಲು ಮಾತ್ರ. ನಗರದ ಪರಂಪರೆ ಎಂದು ಯಂತ್ರದೊಳಗೆ ಸೇರುವುದು ಯಾರದು ಎಂಬ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಇದನ್ನು ಮುಂದೆ ಮತ್ತೆ ಎತ್ತಿಕೊಳ್ಳುತ್ತೇನೆ.

ಇನ್ನು ಕಟ್ಟಡಗಳ ಮಾತು. 2019ರ ಮೇ ತಿಂಗಳಲ್ಲಿ ಚಾರ್‌ಮಿನಾರಿನ ಒಂದು ಮಿನಾರಿನಿಂದ ಅಲಂಕಾರದ ಗಾರೆಯ ತುಂಡೊಂದು ಕಳಚಿ ಬಿದ್ದಿತು. ಇಂತಹ ಸಮಯದಲ್ಲಿ ಗಾರೆ ಕೆಲಸದ ಮೇಸ್ತ್ರಿಗೆ ಬೇಕಾದುದು ಒಂದೇ: ಬಿದ್ದ ಭಾಗ ಬೀಳುವ ಮೊದಲು ಹೇಗಿತ್ತು, ಎಷ್ಟು ಉಬ್ಬಿತ್ತು, ಎಸಳು ಎಷ್ಟು ಎಂಬ ಅಳತೆ. ಫೋಟೋದಲ್ಲಿ ಆಕಾರ ಕಾಣುತ್ತದೆಯೇ ಹೊರತು ಆಳ ಕಾಣುವುದಿಲ್ಲ. ಅದಕ್ಕಾಗಿ ಈಗ ಲೇಸರ್ ಅಳತೆಯ ಯಂತ್ರವನ್ನು ಬಳಸುವರು. ಮೂರು ಕಾಲಿನ ಮೇಲೆ ನಿಲ್ಲಿಸಿದ ಆ ಯಂತ್ರವು ತಿರುಗುತ್ತ ಎಲ್ಲ ಕಡೆಗೂ ಬೆಳಕಿನ ಸಣ್ಣ ಎಳೆಯನ್ನು ಚೆಲ್ಲುತ್ತದೆ. ಗೋಡೆಗೆ ತಗುಲಿ ಮರಳಿದ ಬೆಳಕಿನಿಂದ ಗೋಡೆ ಎಷ್ಟು ದೂರವಿದೆಯೆಂದು ಲೆಕ್ಕ ಮಾಡುತ್ತದೆ. ಹೀಗೆ ಕೋಟಿಗಟ್ಟಲೆ ಬಿಂದುಗಳು ಕೂಡಿ ಕಟ್ಟಡದ ಮೈಯೇ ಗಣಕಯಂತ್ರದಲ್ಲಿ ಮೂಡುತ್ತದೆ. ಗೋಲ್ಕೊಂಡದ ಬಳಿಯ ಕುತುಬ್ ಶಾಹಿ ಗೋರಿಗಳಲ್ಲಿ ಆಗಾ ಖಾನ್ ಸಾಂಸ್ಕೃತಿಕ ಸಂಸ್ಥೆಯವರು 2013ರಲ್ಲಿ ತೊಡಗಿ 2024ರ ವರೆಗೆ ನಡೆಸಿದ ಜೀರ್ಣೋದ್ಧಾರದಲ್ಲಿ ಇಂತಹ ಅಳತೆಯನ್ನು ಉಪಯೋಗಿಸಿದರು. ಆದರೆ ಯಂತ್ರ ಅಳೆದುಕೊಟ್ಟ ಮೇಲೆ, ಹಿಂದೆ ಮೆತ್ತಿದ್ದ ಸಿಮೆಂಟನ್ನು ಕಿತ್ತು, ಸುಣ್ಣ ಕೊಳೆಸಿ, ಅರೆದು, ಗಾರೆ ಬಳಿದವರು ಕೈಕೆಲಸ ಬಲ್ಲ ಮೇಸ್ತ್ರಿಗಳೇ. ಆ ಕೈಗಳಿಲ್ಲದಿದ್ದರೆ ಕೋಟಿ ಬಿಂದುಗಳಿದ್ದೂ ಒಂದು ಹಿಡಿ ಗಾರೆ ಗೋಡೆಗೆ ಏರುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ‘ಪ್ರತಿ ತೆಗೆದಿಟ್ಟಿದ್ದೇವೆ, ಇನ್ನು ಕೆಡವಬಹುದು’ ಎಂಬ ವಾದಕ್ಕೆ ಈ ಯಂತ್ರಗಳು ಸುಲಭವಾಗಿ ಆಳಾಗಬಲ್ಲವು. 1888ರಲ್ಲಿ ಕಟ್ಟಿದ ಸೈಫಾಬಾದ್ ಅರಮನೆ, ಸಚಿವಾಲಯದ ಒಳಗೆ ಜಿ ಬ್ಲಾಕ್ ಎಂದು ಕರೆಯಿಸಿಕೊಳ್ಳುತ್ತಿದ್ದುದು, 2020ರ ಜುಲೈಯಲ್ಲಿ ನೆಲಕ್ಕುರುಳಿತು. ಅದರ ಚಿತ್ರಗಳು ಬೇಕಾದಷ್ಟಿವೆ. ಅದರ ನೆರಳಿನಲ್ಲಿ ಮಾತ್ರ ಇನ್ನು ಯಾರೂ ನಿಲ್ಲುವಂತಿಲ್ಲ. ಅದಕ್ಕೆ ಹಿಂದಿನ ವರ್ಷ ಇರ್ರಂ ಮಂಜಿಲ್ ಅರಮನೆಯನ್ನು ಕೆಡವಿ ಶಾಸನಸಭೆಯ ಹೊಸ ಭವನ ಕಟ್ಟಬೇಕೆಂದು ಸರಕಾರ ನಿಶ್ಚಯಿಸಿದಾಗ ಕೆಲವು ನಾಗರಿಕರು ನ್ಯಾಯಾಲಯಕ್ಕೆ ಹೋದರು. 2019ರ ಸೆಪ್ಟೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಆ ನಿಶ್ಚಯವನ್ನು ರದ್ದು ಮಾಡಿತು. ಆ ಅರಮನೆಯನ್ನು ಉಳಿಸಿದುದು ಯಾವ ಯಂತ್ರವೂ ಅಲ್ಲ. ಕಾನೂನು, ದಾಖಲೆ ಮತ್ತು ಹಟ ಬಿಡದ ಜನ.

ಕಲ್ಲಿನ ಶಾಸನಗಳ ವಿಷಯದಲ್ಲಿ ನಾವು ಬೆಂಗಳೂರಿನಿಂದ ಕಲಿಯುವುದಿದೆ. ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಹುಡುಕಿ ಓದಿ 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವಾಗಿ ಹೊರತಂದರು. ಆಗ ಹೊಲದಲ್ಲಿಯೂ ಕೆರೆಯ ಏರಿಯಲ್ಲಿಯೂ ನಿಂತಿದ್ದ ಕಲ್ಲುಗಳ ಮೇಲೆ ಆಮೇಲೆ ಬಡಾವಣೆಗಳು ಬಂದವು. ಎಷ್ಟೋ ಕಲ್ಲುಗಳು ಇಂದು ಪುಸ್ತಕದಲ್ಲಿ ಇವೆ, ನೆಲದ ಮೇಲೆ ಇಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಕಟ್ಟಡದ ಕೆಲಸ ನಡೆದ ಜಾಗದಲ್ಲಿ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ. ಶ. 750ರದು, ಕಿತ್ತಯ್ಯನೆಂಬ ವೀರನು ಕಾದಿ ಮಡಿದುದನ್ನು ಹೇಳುತ್ತದೆ. ಬೆಂಗಳೂರಿನಲ್ಲಿ ದೊರೆತಿರುವ ಕನ್ನಡ ಶಾಸನಗಳಲ್ಲಿ ಇದೇ ಹಳೆಯದೆನ್ನುವರು. ಸಾವಿರದ ಇನ್ನೂರ ಅರವತ್ತು ಚಿಲ್ಲರೆ ವರ್ಷ ಬದುಕಿದ್ದು ಇನ್ನೊಂದು ವಾರ ಕಳೆದಿದ್ದರೆ ಕಲ್ಲುಮಣ್ಣಿನ ಲಾರಿಯಲ್ಲಿ ಹೋಗುತ್ತಿತ್ತೋ ಏನೋ!

1909ರಲ್ಲಿ ಹುಟ್ಟಿದ ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಇಂತಹ ಕಲ್ಲುಗಳ ಮೂರು ಆಯಾಮದ ಪ್ರತಿಯನ್ನು ತೆಗೆಯುತ್ತಿದ್ದಾರೆ. ಯಂತ್ರವು ಕಲ್ಲಿನ ಮೇಲೆ ಬೆಳಕನ್ನು ಒಂದು ಗೊತ್ತಾದ ವಿನ್ಯಾಸದಲ್ಲಿ ಬಿಡುತ್ತದೆ. ಅಕ್ಷರದ ಗುಳಿಯಿದ್ದಲ್ಲಿ ಬೆಳಕಿನ ಗೆರೆ ಬಾಗುತ್ತದೆ. ಎಷ್ಟು ಬಾಗಿತೆಂಬುದರಿಂದ ಗುಳಿಯ ಆಳ ಗೊತ್ತಾಗುತ್ತದೆ. ಆಮೇಲೆ ಕಲ್ಲಿನ ಬಣ್ಣ, ಕಲೆ, ಪಾಚಿ ಎಲ್ಲವನ್ನೂ ಬಿಟ್ಟು ಬರಿಯ ಏರುತಗ್ಗುಗಳನ್ನು ಮಾತ್ರ ಗಣಕಯಂತ್ರದಲ್ಲಿ ನೋಡಬಹುದು. ಯಾವ ಕಡೆಯಿಂದ ಬೇಕಾದರೂ ಬೆಳಕು ಬೀರಿಸಬಹುದು. ಹಳ್ಳಿಯಲ್ಲಿ ಹಿರಿಯರು ಕಂದೀಲನ್ನು ಓರೆಯಾಗಿ ಹಿಡಿದು ಸವೆದ ಕಲ್ಲನ್ನು ಓದುತ್ತಿದ್ದುದೂ ಇದೇ ಉಪಾಯ. ಕಣ್ಣಿಗೆ ಕಾಣದಿದ್ದ ಅಕ್ಷರಗಳು ಹೀಗೆ ಓದಲು ಬಂದಿವೆ, ಹಿಂದಿನ ಕೆಲವು ಪಾಠಗಳು ತಿದ್ದುಪಡಿಯಾಗಿವೆ. ಇದರಲ್ಲಿ ನನಗೆ ಹಿಡಿಸಿದುದು ಇನ್ನೊಂದು ಅಂಶ: ಕಲ್ಲು ಇಂತಹ ಕಡೆ ಇದೆ ಎಂದು ತಿಳಿಸಿದವರಲ್ಲಿ ಅನೇಕರು ಸಾಮಾನ್ಯ ನಾಗರಿಕರು.

‘ಬೆಂಗಳೂರಿನದು ಬೆಂಗಳೂರಿಗೆ, ಹೈದರಾಬಾದಿನಲ್ಲಿ ಕನ್ನಡ ಶಾಸನವೆಲ್ಲಿ?’ ಎಂದು ಯಾರಾದರೂ ಕೇಳಬಹುದು. ನಮ್ಮವರು ಬಹಳ ಮಂದಿ ಪಟಾನ್‌ಚೆರುವಿನ ಕಾರ್ಖಾನೆಗಳಲ್ಲಿ ಪಾಳಿಯ ಕೆಲಸ ಮಾಡುತ್ತಾರೆ. ಆ ಪಟಾನ್‌ಚೆರುವೇ ಕಲ್ಯಾಣದ ಚಾಲುಕ್ಯರ ಕಾಲದ ಪೊಟ್ಟಲಕೆರೆಯೆಂದು ಶಾಸನತಜ್ಞರು ಗುರುತಿಸಿದ್ದಾರೆ. ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಇಮ್ಮಡಿ ಜಯಸಿಂಹನು ಅಲ್ಲಿಯ ನೆಲೆವೀಡಿನಿಂದ ಆಳುತ್ತಿದ್ದನು; ಅವನ ರಾಜ್ಯದ ಭಾಷೆ ಕನ್ನಡ. ವರಂಗಲ್ಲಿನ ದಾರಿಯಲ್ಲಿ ಹೋದರೆ ಕೊಲನುಪಾಕ ಸಿಕ್ಕುತ್ತದೆ. ಜೈನರ ಬಸದಿಯೂ, ರೇಣುಕಾಚಾರ್ಯರ ಉದ್ಭವಸ್ಥಾನವೆಂದು ವೀರಶೈವರು ನಂಬುವ ಸೋಮೇಶ್ವರ ದೇವಾಲಯವೂ ಇರುವ ಊರು. ಹಳೆಯ ಕೊಲ್ಲಿಪಾಕೆ ಅದೇ. ಅಲ್ಲಿ ಕನ್ನಡ ಶಾಸನಗಳು ಅನೇಕವಿವೆ. ತೆಲುಗಿನ ನಾಡಿನಲ್ಲಿ ಕನ್ನಡ ಕಲ್ಲು ಕಂಡರೆ ಅದರ ಅರ್ಥ ಇಬ್ಬರೂ ಒಂದೇ ಅಂಗಳದಲ್ಲಿ ಬಾಳಿದವರು ಎಂದಷ್ಟೇ. ಹಕ್ಕಿನ ಜಗಳಕ್ಕೆ ಅದನ್ನು ಎಳೆಯಬಾರದು. ಆದರೆ ಕಲ್ಲಿನ ಮುಂದೆ ನಿಂತು ಎರಡು ಸಾಲನ್ನಾದರೂ ಗುರುತಿಸಬಲ್ಲವನು ಇಲ್ಲಿ ಕನ್ನಡ ಓದು ಬಲ್ಲವನೇ. ಸುತ್ತಲೂ ನಿವೇಶನಗಳು ಏಳುತ್ತಿರುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಈಗ ಪುಸ್ತಕಗಳಿಗೆ ಬರೋಣ. ಕನ್ನಡಿಗರಾದ ನಮಗೆ ಹೈದರಾಬಾದಿನ ಅತಿ ದೊಡ್ಡ ಡಿಜಿಟಲ್ ಕಥೆ ಇದೇ.

1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳು ನಿಜಾಮನ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರ ವರೆಗೂ ಹೈದರಾಬಾದೇ ಅವುಗಳ ರಾಜಧಾನಿ. ಹೀಗಾಗಿ ಉಸ್ಮಾನಿಯಾದ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳು ಸೇರುತ್ತ ಬಂದವು. ಈ ಶತಮಾನದ ಆರಂಭದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ರಾಜ್ ರೆಡ್ಡಿಯವರು ಹತ್ತು ಲಕ್ಷ ಪುಸ್ತಕಗಳ ಡಿಜಿಟಲ್ ಪ್ರತಿ ತೆಗೆಯುವ ಯೋಜನೆ ಹೂಡಿದರು. ಭಾರತದಲ್ಲಿ ಅದು ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ಹೆಸರಿನಿಂದ ನಡೆಯಿತು; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಹೈದರಾಬಾದಿನ ಗಚ್ಚಿಬೌಲಿಯಲ್ಲಿರುವ ಐಐಐಟಿ ಸಂಸ್ಥೆಯೂ ಅದರ ಮುಖ್ಯ ಕೇಂದ್ರಗಳು. ಉಸ್ಮಾನಿಯಾದ ಕನ್ನಡ ಪುಸ್ತಕಗಳೂ ಯಂತ್ರದ ಕೆಳಗೆ ಬಂದವು. ಇಂದಿಗೂ ಆ ಪ್ರತಿಗಳನ್ನು ತೆರೆದರೆ ಮೊದಲ ಪುಟಗಳಲ್ಲಿ ಉಸ್ಮಾನಿಯಾ ಗ್ರಂಥಾಲಯದ ಚೀಟಿ ಕಾಣುತ್ತದೆ: ಕ್ರಮಸಂಖ್ಯೆ, ಲೇಖಕನ ಹೆಸರು, ಪುಸ್ತಕದ ಹೆಸರು, ಕೆಳಗೆ ಇಂತಹ ತಾರೀಖಿನೊಳಗೆ ಹಿಂತಿರುಗಿಸಬೇಕೆಂಬ ಸೂಚನೆ. ಧಾರವಾಡದಲ್ಲೋ ಮೈಸೂರಿನಲ್ಲೋ ಅಚ್ಚಾಗಿ, ಮೂಲ ಊರಿನಲ್ಲಿಯೇ ಸಿಕ್ಕದಂತಾದ ಪುಸ್ತಕವು ಹೈದರಾಬಾದಿನ ಕಪಾಟಿನಿಂದ ಲೋಕಕ್ಕೆಲ್ಲ ದೊರೆಯುವಂತಾಯಿತು.

ಆದರೆ ಅದು ದೊರೆಯಿತೇ? ಪ್ರತಿಯಾದವು ಸರಿ, ಪಟ್ಟಿಯಲ್ಲಿ ಪುಸ್ತಕದ ಹೆಸರನ್ನು ಬರೆದುದು ಇಂಗ್ಲಿಷ್ ಅಕ್ಷರಗಳಲ್ಲಿ. ಬರೆದವರೆಲ್ಲರೂ ಕನ್ನಡ ಬಲ್ಲವರಾಗಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ‘ಮನೆ’ಗೂ ‘ಮಣೆ’ಗೂ ಭೇದವಿಲ್ಲ. ‘ಹಳ್ಳಿ’ಯೂ ‘ಹಲ್ಲಿ’ಯೂ ಒಂದೇ! ಹಳ್ಳಿಯ ಕಥೆ ಓದಬೇಕೆಂದವನು ಹಲ್ಲಿಯನ್ನು ಹುಡುಕಬೇಕು. ಒಬ್ಬ ಲೇಖಕರ ಹೆಸರು ನಾಲ್ಕು ಬಗೆಯಲ್ಲಿ ಬರೆಯಲ್ಪಟ್ಟರೆ ಅವರ ಪುಸ್ತಕಗಳು ನಾಲ್ಕು ಕಡೆ ಚದುರುತ್ತವೆ. ಕಚೇರಿಯ ಮಿತ್ರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆವಕ ಜಾವಕ ವಹಿಯಲ್ಲಿ ಹೆಸರು ತಪ್ಪಿದ ಕಡತವು ದಫ್ತರಖಾನೆಯಲ್ಲಿ ಭದ್ರವಾಗಿಯೇ ಇರುತ್ತದೆ, ಆದರೂ ಇಲ್ಲದಂತೆಯೇ. 2010ರ ದಶಕದಲ್ಲಿ ‘ಸಂಚಯ’ ಎಂಬ ಕನ್ನಡ ಸ್ವಯಂಸೇವಕರ ಬಳಗವು ಈ ಕೊರತೆಯನ್ನು ಕಂಡು, ಉಸ್ಮಾನಿಯಾದ ಪಟ್ಟಿಯನ್ನೂ ಡಿಜಿಟಲ್ ಲೈಬ್ರರಿಯ ಪಟ್ಟಿಯನ್ನೂ ಎತ್ತಿಕೊಂಡಿತು. ಬೇರೆ ಬೇರೆ ಊರುಗಳಲ್ಲಿದ್ದ ಕನ್ನಡಿಗರು ತಮ್ಮ ತಮ್ಮ ಬಿಡುವಿನಲ್ಲಿ ಕುಳಿತು, ಒಂದೊಂದು ಪುಸ್ತಕದ ಹೆಸರನ್ನೂ ನೋಡಿ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟರು. ಅಲ್ಲಿಂದ ಮುಂದೆ ಕನ್ನಡದಲ್ಲಿಯೇ ಹುಡುಕಿ ಪುಸ್ತಕ ತೆಗೆಯುವುದು ಸಾಧ್ಯವಾಯಿತು. ಇದಕ್ಕೆ ಬೇಕಾದುದು ದೊಡ್ಡ ಯಂತ್ರವಲ್ಲ, ಕನ್ನಡ ಓದಲು ಬರುವ ಕಣ್ಣು ಮತ್ತು ದಿನಕ್ಕೆ ಅರ್ಧ ಗಂಟೆ.

ಯಂತ್ರವೇ ಅಕ್ಷರಗಳನ್ನು ಓದಿಬಿಡುವುದಿಲ್ಲವೇ ಎಂದರೆ, ಓದುತ್ತದೆ, ತಕ್ಕಮಟ್ಟಿಗೆ. ಹೊಸ ಅಚ್ಚಿನ ಪುಟವಾದರೆ ಚೆನ್ನಾಗಿಯೇ ಓದುವುದು. ಸವೆದ ಮೊಳೆಗಳಿಂದ ಮುದ್ರಿಸಿದ ಹಳೆಯ ಪುಟದಲ್ಲಿ ಒತ್ತಕ್ಷರಗಳ ಮುಂದೆ ಎಡವುತ್ತದೆ. ಕನ್ನಡ ವಿಕಿಸೋರ್ಸಿನಲ್ಲಿ ಇಂತಹ ಪುಟಗಳನ್ನು ತಿದ್ದುವ ಕೆಲಸ ನಡೆದಿದೆ, ಯಾರು ಬೇಕಾದರೂ ಸೇರಬಹುದು.

ಕಥೆ ಇಲ್ಲಿಗೆ ಮುಗಿಯಲಿಲ್ಲ. 2017ರ ಹೊತ್ತಿಗೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ತಾಣವು ಮುಚ್ಚಿಹೋಯಿತು. ಗ್ರಂಥಸ್ವಾಮ್ಯದ ತಂಟೆಯೇ ಅದಕ್ಕೆ ಮುಖ್ಯ ಕಾರಣವೆನ್ನುವರು. ವರ್ಷಗಟ್ಟಲೆ ದುಡಿದು ತೆಗೆದ ಪ್ರತಿಗಳು ಒಂದೇ ಬಾಗಿಲಿನ ಹಿಂದೆ ಇದ್ದಿದ್ದರೆ ಆ ಬಾಗಿಲಿನೊಡನೆ ಹೋಗುತ್ತಿದ್ದವು. ಪುಣ್ಯಕ್ಕೆ ಅಷ್ಟರೊಳಗೆ ಲಕ್ಷಗಟ್ಟಲೆ ಪುಸ್ತಕಗಳ ಪ್ರತಿಗಳನ್ನು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ‘ಇಂಟರ್ನೆಟ್ ಆರ್ಕೈವ್’ ಎಂಬ ಉಚಿತ ಗ್ರಂಥಭಂಡಾರಕ್ಕೆ ಸಾಗಿಸಲಾಗಿತ್ತು. ತಾರ್ನಾಕದ ಪಕ್ಕದ ಪುಸ್ತಕವನ್ನು ಸಮುದ್ರದ ಆಚೆಯಿಂದ ತರಿಸಿಕೊಂಡು ಓದುವಂತಾಯಿತೆಂದು ನಗಬಹುದು. ಆ ಭಂಡಾರವೂ ಚಿರಂಜೀವಿಯಲ್ಲ: 2024ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳ ದಾಳಿಗೆ ಸಿಕ್ಕಿ ಕೆಲವು ದಿನ ಅದರ ಬಾಗಿಲು ಹಾಕಿತ್ತು. ತಾಳೆಗರಿಯ ಕಾಲದಲ್ಲಿ ಒಂದು ಮಠದ ಗ್ರಂಥವನ್ನು ಇನ್ನೊಂದು ಮಠದಲ್ಲಿ ನಕಲು ಮಾಡಿ ಇಡುತ್ತಿದ್ದರಲ್ಲವೆ. ಒಂದಕ್ಕೆ ಬೆಂಕಿ ಬಿದ್ದರೂ ಇನ್ನೊಂದು ಉಳಿಯಲೆಂದು. ಆ ಪದ್ಧತಿ ಹಳತಾಗಿಲ್ಲ.

ಗ್ರಂಥಸ್ವಾಮ್ಯದ ಮಾತು ಬಂದುದರಿಂದ ಒಂದು ವಿಷಯ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ ಅರವತ್ತು ವರ್ಷ ಆ ಹಕ್ಕು ನಡೆಯುತ್ತದೆ. 1964ರಲ್ಲಿ ತೀರಿಕೊಂಡ ಆಲೂರು ವೆಂಕಟರಾಯರ ಕೃತಿಗಳು 2025ರ ಜನವರಿ 1ರಿಂದ ಎಲ್ಲರ ಸ್ವತ್ತಾದವು. 1975ರಲ್ಲಿ ತೀರಿಕೊಂಡ ಡಿ. ವಿ. ಗುಂಡಪ್ಪನವರ ಕೃತಿಗಳಿಗೆ 2035 ಮುಗಿಯಬೇಕು. ಪ್ರತಿ ತೆಗೆದು ಎಲ್ಲರಿಗೂ ಹಂಚುವ ಮೊದಲು ಈ ಲೆಕ್ಕ ನೋಡಿಕೊಳ್ಳುವುದು ಒಳ್ಳೆಯದು.

ತಾರ್ನಾಕದಲ್ಲಿಯೇ ಇರುವ ತೆಲಂಗಾಣ ರಾಜ್ಯ ದಫ್ತರಖಾನೆಯ ಬಗ್ಗೆಯೂ ಎರಡು ಮಾತು ಹೇಳಬೇಕು. ಅಲ್ಲಿ ಕೋಟಿಗಟ್ಟಲೆ ಕಾಗದಗಳಿವೆ. ಹೆಚ್ಚಿನವು ಪಾರಸಿ ಮತ್ತು ಉರ್ದುವಿನಲ್ಲಿ. ಎಲ್ಲಕ್ಕಿಂತ ಹಳೆಯದು 1406ರದು, ಬಹಮನಿ ಸುಲ್ತಾನ ಫಿರೋಜ್ ಶಹನ ಕಾಲದ್ದು. ಅವನು ಆಳಿದುದು ಕಲಬುರ್ಗಿಯಿಂದ. ಕಲಬುರ್ಗಿ, ಬೀದರ, ರಾಯಚೂರು ಕಡೆಯಿಂದ ಬಂದ ನಮ್ಮ ವಾಚಕರ ಮುತ್ತಜ್ಜಂದಿರ ಇನಾಮು ಜಮೀನಿನ ಮುಂತಖಬುಗಳನ್ನು ಹುಡುಕಬೇಕಾದರೂ ಇಂತಹ ದಫ್ತರಗಳನ್ನೇ ತಡಕಬೇಕು. ಈಚಿನ ವರ್ಷಗಳಲ್ಲಿ ಆ ಕಾಗದಗಳನ್ನು ದುರಸ್ತಿ ಮಾಡಿ ಡಿಜಿಟಲ್ ಪ್ರತಿ ತೆಗೆಯುವ ಕೆಲಸ ಕೈಗೊಂಡಿದ್ದಾರೆ. ಶಿಕಸ್ತ ಎಂಬ ಮುರುಕು ಬರವಣಿಗೆಯ ಪಾರಸಿಯನ್ನು ಓದಬಲ್ಲವರು ಮಾತ್ರ ವರ್ಷೇ ವರ್ಷೇ ಕಡಿಮೆಯಾಗುತ್ತಿದ್ದಾರೆ. ಪ್ರತಿ ಇದ್ದು ಓದುವವನಿಲ್ಲದಿದ್ದರೆ ಅದೂ ಹೆಸರಿಲ್ಲದ ಕಡತದ ಪಾಡೇ.

ಇನ್ನು ಮೂಸಿ ತೀರದಲ್ಲಿ ಬಿಟ್ಟುಬಂದ ಪ್ರಶ್ನೆ. ಗೋರಿಗಳಿಗೆ ಸಂಸ್ಥೆಯಿದೆ, ಅರಮನೆಗೆ ನ್ಯಾಯಾಲಯವಿದೆ, ಪುಸ್ತಕಗಳಿಗೆ ವಿಶ್ವವಿದ್ಯಾನಿಲಯವಿದೆ. ಹೈದರಾಬಾದಿನಲ್ಲಿ ಕನ್ನಡಿಗರು ಬಾಳಿದ ಬಾಳಿಗೆ ಯಾರಿದ್ದಾರೆ? ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಶಾಲೆಯಿದೆ, ಕರ್ನಾಟಕ ಸಾಹಿತ್ಯ ಮಂದಿರವಿದೆ. ಆ ಬೀದಿಗಳಲ್ಲಿ ಒಂದು ಕಾಲಕ್ಕೆ ಕಿವಿಗೆ ಬೀಳುತ್ತಿದ್ದ ಕನ್ನಡ ಎಷ್ಟೋ. ಶಾಲೆಯ ಗುಂಪಿನ ಫೋಟೋ, ನಾಟಕದ ಕರಪತ್ರ, ನಾಡಹಬ್ಬದ ಆಮಂತ್ರಣ, ಖಾನಾವಳಿಯ ಬೋರ್ಡು, ಸಂಬಳದ ಚೀಟಿ, ಊರಿಗೆ ಬರೆದ ಕಾಗದ: ಇವೆಲ್ಲ ಈ ನಗರದ ಪರಂಪರೆಯೇ. ಇವು ಯಾವ ಇಲಾಖೆಯ ಪಟ್ಟಿಯಲ್ಲಿಯೂ ಇಲ್ಲ. ಟ್ರಂಕಿನಲ್ಲಿವೆ. ಮನೆ ಬದಲಾಯಿಸುವಾಗ ರದ್ದಿಗೆ ಹೋಗುತ್ತವೆ.

ಇಂತಹ ವಸ್ತುಗಳ ಪ್ರತಿ ತೆಗೆಯಲು ಜೇಬಿನಲ್ಲಿರುವ ಫೋನೇ ಸಾಕು. ಕಾಗದವನ್ನು ಮೇಜಿನ ಮೇಲೆ ಹಾಸಿ, ಕಿಟಕಿಯ ಬಳಿ ಬಿಸಿಲು ನೇರವಾಗಿ ಬೀಳದ ಕಡೆ, ಫೋನನ್ನು ಮೇಲಿನಿಂದ ಓರೆಯಾಗದಂತೆ ಹಿಡಿಯಬೇಕು. ಫ್ಲಾಷ್ ಬೇಡ, ಹೊಳಪಿನ ಫೋಟೋದಲ್ಲಿ ಅದು ಬಿಳಿಯ ಮಚ್ಚೆಯಾಗುತ್ತದೆ. ಪಕ್ಕದಲ್ಲಿ ಒಂದು ಅಡಿಪಟ್ಟಿ ಇಟ್ಟರೆ ಅಳತೆ ತಿಳಿಯುತ್ತದೆ. ಕಲ್ಲಾದರೆ ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಮುಂದಿನಿಂದಲೂ ಬದಿಗಳಿಂದಲೂ ತೆಗೆಯಬೇಕು. ಅಕ್ಷರ ಕಾಣಲೆಂದು ಸುಣ್ಣ, ಎಣ್ಣೆ, ಸೀಮೆಸುಣ್ಣ ಯಾವುದನ್ನೂ ಹಚ್ಚಬಾರದು. ಪೂಜೆಯ ಕಲ್ಲಾದರೆ ಅಲ್ಲಿಯವರನ್ನು ಕೇಳದೆ ಮುಟ್ಟಬಾರದು.

ಆಮೇಲಿನದೇ ಮುಖ್ಯ. ಫೋನು ತಾನಾಗಿ ಕೊಡುವ ಉದ್ದದ ಸಂಖ್ಯೆಯ ಹೆಸರನ್ನು ಹಾಗೆಯೇ ಬಿಡದೆ, ಯಾವ ಊರು, ಯಾವ ಗಲ್ಲಿ, ಯಾವ ವರ್ಷ, ಯಾರು ಯಾರು, ವಸ್ತು ಯಾರಲ್ಲಿದೆ ಎಂಬುದನ್ನು ಕನ್ನಡದಲ್ಲಿಯೇ ಬರೆದಿಡಬೇಕು. ಗೊತ್ತಿಲ್ಲದ್ದನ್ನು ಊಹಿಸಿ ಬರೆಯದೆ ಜಾಗ ಖಾಲಿ ಬಿಡುವುದು ಮೇಲು. ಬರೆಯುವಾಗ ಯೂನಿಕೋಡ್ ಅಕ್ಷರಗಳನ್ನು ಬಳಸಿ. ಹಿಂದಿನ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿದ ಎಷ್ಟೋ ಕಡತಗಳು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುವುದನ್ನು ಕಚೇರಿಗಳಲ್ಲಿ ಕಂಡಿದ್ದೀರಿ. ಒಂದು ಪ್ರತಿ ಫೋನಿನಲ್ಲಿ, ಒಂದು ಬೇರೆ ಕಡೆ, ಒಂದು ಊರಿನಲ್ಲಿರುವ ಅಣ್ಣತಮ್ಮಂದಿರಲ್ಲಿ ಇರಲಿ. ಜಮೀನಿನ ಪತ್ರ, ಗುರುತಿನ ಚೀಟಿ ಮೊದಲಾದವುಗಳ ಪ್ರತಿಯನ್ನು ಮಾತ್ರ ಯಾರೂ ನೋಡುವ ಜಾಗದಲ್ಲಿ ಹಾಕಬಾರದು.

ಪ್ರತಿ ತೆಗೆದಾಯಿತೆಂದು ಮೂಲವನ್ನು ಬಿಸಾಡಬೇಡಿ. ಹರಿದ ಕಾಗದಕ್ಕೆ ಅಂಗಡಿಯ ಅಂಟುಪಟ್ಟಿ ಹಚ್ಚಬೇಡಿ; ಕೆಲವು ವರ್ಷಗಳಲ್ಲಿ ಅದು ಹಳದಿಯಾಗಿ ಅಕ್ಷರವನ್ನೂ ತಿಂದುಹಾಕುತ್ತದೆ. ಹಳೆಯ ಫೋಟೋವಾದರೆ ಅದರ ಹಿಂಬದಿಯದೂ ಒಂದು ಪ್ರತಿ ತೆಗೆದುಕೊಳ್ಳಿ. ಸ್ಟುಡಿಯೋದ ಮೊಹರು, ತಾರೀಖು, ಸಾಲಿನಲ್ಲಿ ನಿಂತವರ ಹೆಸರು ಇರುವುದು ಅಲ್ಲಿಯೇ.